ಯಾವ ಗಾಡಿ ತಗೊಳ್ಳಲಿ? ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಬಾಗಲಕೋಟೆ ಕಡೆ. ಭೋಸರಿಯಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ 22 ವರ್ಷ ದುಡಿದಿದ್ದೇನೆ. ಪುಣೆಯಲ್ಲಿ ನಮ್ಮವರ ಮನೆಗೆ ಗೃಹಪ್ರವೇಶಕ್ಕೆ ಹೋಗಲಿ, ಸೀಮಂತಕ್ಕೆ ಹೋಗಲಿ, ಎಲೆ ಮುಂದೆ ಕೂತ ಕೂಡಲೇ ಪಕ್ಕದವರು ಶುರು ಮಾಡುತ್ತಾರೆ: "ಹೊಸ ಗಾಡಿ ತಗೋಬೇಕ್ರೀ, ಪರಿಸರಕ್ಕೆ ಒಳ್ಳೇದು ಯಾವುದು?" ಹೇಳಿ ಮುಗಿಸುವಷ್ಟರಲ್ಲಿ ಸಾರು ಆರಿ ಹೋಗಿರುತ್ತದೆ. ಅದಕ್ಕೇ ಒಂದು ಸಲ ಕೂತು ಬರೆದಿದ್ದೇನೆ. ಲೆಕ್ಕವೆಲ್ಲ ಅಂದಾಜಿನದು. ನಿಮ್ಮ ಗಾಡಿಯ ಅಂಕಿ ಹಾಕಿಕೊಂಡು ನೀವೇ ಮಾಡಿ ನೋಡಬಹುದು.

ನನ್ನ ಗಾಡಿ ಎಷ್ಟು ಹೊಗೆ ಬಿಡುತ್ತದೆ ಅಂತ ಮನೆಯಲ್ಲೇ ಲೆಕ್ಕ ಹಾಕೋದು ಹೇಗೆ?

ಪೆಟ್ರೋಲ್ ಬಂಕಿನ ಬಿಲ್ ಸಾಕು. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಡೀಸೆಲ್ ಆದರೆ 2.7 ಕೆಜಿ. ಇದನ್ನು ಹೇಳಿದಾಗ ನನ್ನ ಮಗಳು ನಕ್ಕಿದ್ದಳು: "ಅಪ್ಪಾ, ಒಂದು ಲೀಟರ್ ಪೆಟ್ರೋಲೇ ಮುಕ್ಕಾಲು ಕೆಜಿ ತೂಗುತ್ತದೆ. ಅದರಿಂದ ಎರಡು ಕೆಜಿ ಹೊಗೆ ಎಲ್ಲಿಂದ?" ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯ ಆಕ್ಸಿಜನ್ ಜೊತೆ ಸೇರಿಕೊಳ್ಳುತ್ತದೆ. ಜಾಸ್ತಿ ತೂಕವೆಲ್ಲ ಆ ಆಕ್ಸಿಜನ್ನಿನದು.

ಈಗ ಭಾಗಿಸಿ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ಪ್ರತಿ ಕಿ.ಮೀ.ಗೆ ಸುಮಾರು 50 ಗ್ರಾಂ ಬಿಡುತ್ತದೆ. ಪುಣೆಯ ಟ್ರಾಫಿಕ್ಕಿನಲ್ಲಿ ಲೀಟರಿಗೆ 12 ಕೊಡುವ ಕಾರು 190 ಗ್ರಾಂ. ಕಾರಿನಲ್ಲಿ ಒಬ್ಬರೇ ಕೂತಿದ್ದರೆ ಪೂರ್ತಿ 190 ಅವರ ಲೆಕ್ಕಕ್ಕೇ. ನಾಲ್ಕು ಜನ ಕೂತರೆ ತಲೆಗೆ 48. ಅಂದರೆ ತುಂಬಿದ ಕಾರೂ ಒಬ್ಬರು ಓಡಿಸುವ ಸ್ಕೂಟರೂ ಹೆಚ್ಚುಕಡಿಮೆ ಸಮ. ಗಾಡಿ ಯಾವುದು ಅಂತ ಕೇಳುವವರಿಗೆಲ್ಲ ನಾನು ಮೊದಲು ಕೇಳುವುದು ಎರಡೇ: ವರ್ಷಕ್ಕೆ ಎಷ್ಟು ಕಿ.ಮೀ. ಓಡುತ್ತದೆ, ಒಳಗೆ ಎಷ್ಟು ಜನ ಇರುತ್ತಾರೆ?

ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣಲ್ಲ. ಹಾಗಾದರೆ ಸ್ವಾರ್‌ಗೇಟ್‌ನಲ್ಲಿ ಕಣ್ಣು ಉರಿಯೋದು ಯಾಕೆ?

ಹೊಗೆಯಲ್ಲಿ ಎರಡು ಬಗೆಯ ಕೇಡು ಇದೆ. ಇದನ್ನು ಬಿಡಿಸಿಕೊಳ್ಳದೆ ಹೋದರೆ ಮುಂದಿನದೆಲ್ಲ ಗೊಂದಲ. ಕಾರ್ಬನ್ ಡೈಆಕ್ಸೈಡ್ ಭೂಮಿಯನ್ನು ಬಿಸಿ ಮಾಡುತ್ತದೆ. ಅದು ಪುಣೆಯಲ್ಲಿ ಬಿಟ್ಟರೂ ಒಂದೇ, ಬೀದರಿನಲ್ಲಿ ಬಿಟ್ಟರೂ ಒಂದೇ. ಇನ್ನೊಂದು ಮಸಿ, ಸಣ್ಣ ಕಣ, ನೈಟ್ರೋಜನ್ ಆಕ್ಸೈಡ್, ಅರೆಬೆಂದ ಇಂಧನ. ಇವು ಬಿಟ್ಟ ಜಾಗದಲ್ಲೇ, ಹಿಂದೆ ನಿಂತ ಸ್ಕೂಟರಿನವನ ಎದೆಗೇ ಹೋಗುತ್ತವೆ. ಪಿಎಂ2.5 ಅನ್ನುವ ಸಣ್ಣ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಗಾಳಿಯ ಗುಣಮಟ್ಟವನ್ನು ಅಳೆದು ಮುನ್ಸೂಚನೆ ಕೊಡುವ 'ಸಫರ್' ವ್ಯವಸ್ಥೆ ಹುಟ್ಟಿದ್ದು ನಮ್ಮ ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಐಐಟಿಎಂ ಹವಾಮಾನ ಸಂಶೋಧನಾ ಸಂಸ್ಥೆಯಲ್ಲೇ, 2010ರಲ್ಲಿ.

ಒಂದು ಗಾಡಿ ಒಂದರಲ್ಲಿ ಒಳ್ಳೆಯದು, ಇನ್ನೊಂದರಲ್ಲಿ ಕೆಟ್ಟದ್ದು ಆಗಿರಬಹುದು. ಹಳೆಯ ಡೀಸೆಲ್ ಗಾಡಿಯೇ ಉದಾಹರಣೆ. ಮೈಲೇಜು ಚೆನ್ನಾಗಿರುತ್ತದೆ, ಮಸಿ ವಿಪರೀತ.

ಎಲೆಕ್ಟ್ರಿಕ್ ಸ್ಕೂಟರ್ ತಗೊಂಡರೆ ಹೊಗೆಯೇ ಇಲ್ಲ, ಅಲ್ವಾ?

ನಿಮ್ಮ ಹಿಂದೆ ಇಲ್ಲ. ಚಂದ್ರಪುರದಲ್ಲಿ ಇದೆ.

ಮಹಾರಾಷ್ಟ್ರಕ್ಕೆ ಕೊಯ್ನಾದಲ್ಲಿ 1,960 ಮೆಗಾವ್ಯಾಟಿನ ಜಲವಿದ್ಯುತ್ ಇದೆ, ನಿಜ. ಆದರೆ ರಾಜ್ಯದ ಆ ತುದಿಯ ಚಂದ್ರಪುರದಲ್ಲಿ 2,920 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರವೂ ಇದೆ. ನಮ್ಮ ರಾಯಚೂರಿನ ಶಕ್ತಿನಗರ ನೋಡಿದವರಿಗೆ ಅದು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ದೇಶದ ಒಟ್ಟು ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ.

ಎಲೆಕ್ಟ್ರಿಕ್ ಸ್ಕೂಟರ್ 100 ಕಿ.ಮೀ. ಓಡಲು, ಚಾರ್ಜಿಂಗಿನಲ್ಲಿ ಸೋರಿ ಹೋಗುವುದೂ ಸೇರಿ, ಮೂರೂವರೆ ಯೂನಿಟ್ ಹಿಡಿಯೋಣ. ಅಲ್ಲಿಗೆ ಸುಮಾರು 2.5 ಕೆಜಿ. ಪೆಟ್ರೋಲ್ ಸ್ಕೂಟರ್ ಅಷ್ಟೇ ದೂರಕ್ಕೆ 5 ಕೆಜಿ ದಾಟುತ್ತದೆ. ಅಂದರೆ ಹೆಚ್ಚುಕಡಿಮೆ ಅರ್ಧ. ಸೊನ್ನೆ ಅಲ್ಲ. ಆದರೆ ಸೌರ, ಗಾಳಿ ವಿದ್ಯುತ್ ಹೆಚ್ಚಿದಂತೆ ಅದೇ ಸ್ಕೂಟರಿನ ಲೆಕ್ಕ ತಾನಾಗಿ ಇಳಿಯುತ್ತಾ ಹೋಗುತ್ತದೆ. ಪೆಟ್ರೋಲ್ ಗಾಡಿಗೆ ಆ ಭಾಗ್ಯವಿಲ್ಲ. ಕರ್ವೆ ರಸ್ತೆಯ ಗಾಳಿಗಂತೂ ಇವತ್ತೇ ಲಾಭ. ಚಂದ್ರಪುರದವರ ಗಾಳಿಗೆ ಏನು ಅಂತ ಯಾರೂ ಕೇಳುವುದಿಲ್ಲ. ಅದು ನನಗೆ ಯಾವಾಗಲೂ ಚುಚ್ಚುತ್ತದೆ.

ಬ್ಯಾಟರಿ ಮಾಡುವಾಗಲೇ ಲಾಭವೆಲ್ಲ ಹೋಗಿಬಿಡುತ್ತದಂತೆ?

ಎಲ್ಲ ಹೋಗುವುದಿಲ್ಲ. ಆದರೆ ಸಾಲ ಇದೆ, ತೀರಿಸಬೇಕು. ಒಂದು ಕಿಲೋವ್ಯಾಟ್ ಅವರ್, ಅಂದರೆ ಒಂದು ಯೂನಿಟ್ ಕರೆಂಟು ಹಿಡಿಸುವ ಬ್ಯಾಟರಿ ಮಾಡಲು ಹೆಚ್ಚುಕಡಿಮೆ 60ರಿಂದ 100 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ನಾನು 100ನ್ನೇ ಹಿಡಿಯುತ್ತೇನೆ, ಯಾರೂ ತಕರಾರು ತೆಗೆಯದಿರಲಿ ಅಂತ.

3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸ್ಕೂಟರ್ ಅಂದರೆ 300 ಕೆಜಿ ಸಾಲ. 100 ಕಿ.ಮೀ.ಗೆ ಎರಡೂವರೆ ಕೆಜಿ ಉಳಿತಾಯ. ಸುಮಾರು 12,000 ಕಿ.ಮೀ. ಓಡಿದ ಮೇಲೆ ಸಾಲ ತೀರಿತು. ವಾರ್ಜೆಯಿಂದ ಹಿಂಜವಡಿಗೆ ದಿನಾ ಹೋಗಿಬಂದು 40 ಕಿ.ಮೀ. ಓಡಿಸುವ ಹುಡುಗನಿಗೆ ಇದು ಒಂದೂಕಾಲು ವರ್ಷದ ಮಾತು. ಅವನು ಕಣ್ಣು ಮುಚ್ಚಿ ತಗೊಳ್ಳಲಿ. ನಮ್ಮ ಬಿಲ್ಡಿಂಗಿನ ನಿವೃತ್ತ ಮಾಸ್ತರರೊಬ್ಬರು ತರಕಾರಿ, ದೇವಸ್ಥಾನ, ಬ್ಯಾಂಕು ಅಂತ ವರ್ಷಕ್ಕೆ 2,000 ಕಿ.ಮೀ. ಓಡಿಸುತ್ತಾರೆ. ಅವರಿಗೆ ಆರು ವರ್ಷ ಬೇಕು. ಚೆನ್ನಾಗಿ ನಡೆಯುತ್ತಿರುವ ಹಳೇ ಸ್ಕೂಟರ್ ಬಿಟ್ಟು ತಗೊಂಡರೆ ಹೊಸ ಗಾಡಿಯ ಚಾಸಿ, ಬಾಡಿ, ಟೈರಿನ ಲೆಕ್ಕವೂ ಸೇರಿ ಇನ್ನೂ ಮುಂದೆ ಹೋಗುತ್ತದೆ. "ಪರಿಸರಕ್ಕೋಸ್ಕರ ಬದಲಿಸ್ತೀನಿ" ಅಂತ ಅವರು ಬಂದಾಗ, "ಬೇಡ ಸರ್, ಇದನ್ನೇ ಓಡಿಸಿ" ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಬಣ್ಣ ಆರಿಸಿಟ್ಟುಕೊಂಡಿದ್ದರು.

ಎಲೆಕ್ಟ್ರಿಕ್ ಕಾರು?

ಇದೇ ಲೆಕ್ಕ, ಹತ್ತು ಪಟ್ಟು ದೊಡ್ಡದು. 30 ಕಿಲೋವ್ಯಾಟ್ ಅವರ್ ಬ್ಯಾಟರಿಗೆ 3 ಟನ್ ಸಾಲ. ಊರೊಳಗೆ 100 ಕಿ.ಮೀ.ಗೆ 15 ಯೂನಿಟ್, ಅಂದರೆ ಹತ್ತೂವರೆ ಕೆಜಿ. ಪೆಟ್ರೋಲ್ ಕಾರು 19 ಕೆಜಿ. ಸಾಲ ತೀರಲು 35,000 ಕಿ.ಮೀ. ಓಡಬೇಕು. ದಿನಾ ಓಡುವ ಕ್ಯಾಬಿಗೆ ಇದು ಲೆಕ್ಕವೇ ಅಲ್ಲ. ಆರು ದಿನ ಬೇಸ್‌ಮೆಂಟಿನಲ್ಲಿ ಧೂಳು ತಿಂದು ಭಾನುವಾರ ಮಾತ್ರ ಹೊರಗೆ ಬರುವ ಕಾರಿಗೆ ಹತ್ತು ವರ್ಷವೂ ಆಗಬಹುದು. ಬ್ಯಾಟರಿ ದೊಡ್ಡದಾದಷ್ಟೂ ಸಾಲವೂ ದೊಡ್ಡದು. ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗುತ್ತೇವೆ ಅಂತ 60 ಕಿಲೋವ್ಯಾಟ್ ಅವರ್ ಬ್ಯಾಟರಿಯ ಕಾರು ತಗೊಂಡು ಉಳಿದ ದಿನವೆಲ್ಲ ಅದರ ಭಾರ ಎಳೆಯುವುದು ನನಗೆ ಸರಿ ಕಾಣುವುದಿಲ್ಲ.

ಹಳೇ ಬ್ಯಾಟರಿ ಕೊನೆಗೆ ಕಸದ ರಾಶಿಗೇ ತಾನೇ?

ಹಾಗಾಗಬಾರದು ಅಂತಲೇ 2022ರಲ್ಲಿ ಬ್ಯಾಟರಿ ತ್ಯಾಜ್ಯ ನಿಯಮ ಬಂದಿದೆ. ಮಾಡಿದ ಕಂಪನಿಯೇ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ನೀವು ಗುಜರಿಯವನಿಗೆ ಕೊಡಬೇಡಿ, ಅಷ್ಟೇ.

ನಮ್ಮ ಅಪಾರ್ಟ್‌ಮೆಂಟಿನ ಸೊಸೈಟಿಯವರು ಚಾರ್ಜರ್ ಹಾಕಲು ಬಿಡುತ್ತಿಲ್ಲ. ಏನು ಮಾಡಲಿ?

ನಮ್ಮಲ್ಲಿ ಎಂಟು ತಿಂಗಳು ಹಿಡಿಯಿತು. ಮೀಟಿಂಗಿನಲ್ಲಿ ಒಬ್ಬರು "ಬೆಂಕಿ ಹತ್ತಿದರೆ?" ಅಂದರು. ಅವರ ಮೂರು ಗಾಡಿಯ ಟ್ಯಾಂಕಿನಲ್ಲೂ ಪೆಟ್ರೋಲ್ ತುಂಬಿತ್ತು, ಇರಲಿ. ಕೊನೆಗೆ ಕೆಲಸ ಆಗಿದ್ದು ವಾದದಿಂದ ಅಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ, ಬೇರೆ ಮೀಟರ್ ಮತ್ತು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು) ಹಾಕುತ್ತೇವೆ ಅಂತ ಕಾಗದದಲ್ಲಿ ಬರೆದುಕೊಟ್ಟ ಮೇಲೆ. ಲಿಫ್ಟಿನ ಪಕ್ಕದ ಪ್ಲಗ್ಗಿನಿಂದ ವೈರು ಎಳೆದು ಚಾರ್ಜ್ ಮಾಡುವವರನ್ನು ಕಂಡರೆ ನನಗೂ ಭಯವೇ. ಟೆರೇಸಿನ ಮೇಲೆ ಸೋಲಾರ್ ಇದ್ದರೆ ಭಾನುವಾರ ಹಗಲು ಹೊತ್ತಿನಲ್ಲೇ ಚಾರ್ಜಿಗೆ ಹಾಕಿ. ರಾತ್ರಿ ಬರುವ ಕರೆಂಟಿನಲ್ಲಿ ಕಲ್ಲಿದ್ದಲ ಪಾಲೇ ಜಾಸ್ತಿ.

ಸಿಎನ್‌ಜಿ ಹಸಿರು ಇಂಧನ ಅಂತಾರೆ. ನಿಜವೇ?

ಮಸಿಯ ಮಟ್ಟಿಗೆ ನಿಜ. ಪುಣೆಯ ರಿಕ್ಷಾಗಳು ಸಿಎನ್‌ಜಿಗೆ ಬಂದ ಮೇಲೆ ಅವುಗಳ ಹಿಂದೆ ನಿಲ್ಲುವುದು ಎಷ್ಟೋ ವಾಸಿ. ಕಾರ್ಬನ್ ಲೆಕ್ಕದಲ್ಲಿ ಪೆಟ್ರೋಲಿಗಿಂತ ಆರನೇ ಒಂದು ಭಾಗವೋ ಐದನೇ ಒಂದು ಭಾಗವೋ ಕಡಿಮೆ. ಬ್ರಹ್ಮಾಂಡದಂಥ ವ್ಯತ್ಯಾಸ ಅಲ್ಲ. ಜೊತೆಗೆ ಸಿಎನ್‌ಜಿ ಅಂದರೆ ಬಹುಪಾಲು ಮೀಥೇನ್. ಅದು ಉರಿಯದೆ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಕಿಟ್ ಹಾಕಿಸಿದವರು ಪೈಪು, ಜೋಡಣೆಗಳನ್ನು ಕಾಲಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸಬೇಕು. ಬೈಕಿಗೂ ಸಿಎನ್‌ಜಿ ಬಂದಿದೆ. 2024ರ ಜುಲೈನಲ್ಲಿ ಬಜಾಜ್ ಕಂಪನಿ ಫ್ರೀಡಂ 125 ಅನ್ನು ಪುಣೆಯಲ್ಲೇ ಬಿಡುಗಡೆ ಮಾಡಿತು.

ಡೀಸೆಲ್ ಎಸ್‌ಯುವಿ ತಗೊಂಡಿದ್ದೇವೆ. ಬಿಎಸ್6 ಇದೆ. ಚಿಂತೆ ಇಲ್ಲ ಅಲ್ವಾ?

ಬಿಎಸ್6 ಅಂದರೆ ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಿತಿಯ ಆರನೇ ಹಂತ. 2020ರ ಏಪ್ರಿಲ್ 1ರಿಂದ ಬಂದ ಅದು ದೊಡ್ಡ ಹೆಜ್ಜೆಯೇ. ಡೀಸೆಲ್ ಕಾರಿನ ಮಸಿಯ ಮಿತಿ ಕಿ.ಮೀ.ಗೆ 25 ಮಿಲಿಗ್ರಾಂ ಇದ್ದದ್ದು 4.5ಕ್ಕೆ ಇಳಿಯಿತು. ಇಂಧನದಲ್ಲಿನ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಭಾಗ) 10ಕ್ಕೆ ಬಂತು. ಇದಕ್ಕಾಗಿ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇಟ್ಟಿರುತ್ತಾರೆ. ಮೆಕ್ಯಾನಿಕ್‌ಗಳು ಡಿಪಿಎಫ್ ಅನ್ನುವುದು ಇದನ್ನೇ.

ತೊಂದರೆ ಇಲ್ಲಿದೆ. ಆ ಫಿಲ್ಟರ್ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಚೆನ್ನಾಗಿ ಕಾಯಬೇಕು. ಕಾಯಬೇಕಾದರೆ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಓಡಬೇಕು. ಡೆಕ್ಕನ್‌ಗೂ ಕರ್ವೆನಗರಕ್ಕೂ ಮಾತ್ರ ತಿರುಗುವ ಡೀಸೆಲ್ ಗಾಡಿಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಲೈಟ್ ಹತ್ತುತ್ತದೆ. ಆಮೇಲೆ ಯಾರೋ "ತೆಗೆದೇ ಬಿಡಿ, ಪಿಕಪ್ಪೂ ಜಾಸ್ತಿಯಾಗುತ್ತದೆ" ಅನ್ನುತ್ತಾರೆ. ಮಾಡಬೇಡಿ. ಫಿಲ್ಟರ್ ಕಿತ್ತ ಬಿಎಸ್6 ಗಾಡಿ ಹೆಸರಿಗೆ ಮಾತ್ರ ಬಿಎಸ್6.

ಇನ್ನು ಗಾತ್ರದ ಮಾತು. ದೇಶದಲ್ಲಿ ಈಗ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಸ್‌ಯುವಿಗಳೇ. ಒಂದೂವರೆ ಟನ್ ಕಬ್ಬಿಣ ಎಳೆದುಕೊಂಡು 60 ಕೆಜಿಯ ಮನುಷ್ಯ ಒಬ್ಬ ಕಟಿಂಗಿಗೆ ಹೋಗುತ್ತಾನೆ. ನನ್ನ ತಮ್ಮನೂ ಅವರಲ್ಲೊಬ್ಬ. ಹೇಳಿ ಹೇಳಿ ಸಾಕಾಗಿದೆ.

ಎಥನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಮೈಲೇಜು ಬಿದ್ದಿದೆ. ಪರಿಸರಕ್ಕಾದರೂ ಲಾಭ ಇದೆಯೇ?

ಮೈಲೇಜು ಬೀಳುವುದು ನಿಮ್ಮ ಭ್ರಮೆಯಲ್ಲ. ಕಬ್ಬು ಮುಂತಾದ ಬೆಳೆಯಿಂದ ತೆಗೆಯುವ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ನೂರಕ್ಕೆ 20 ಭಾಗ ಬೆರೆಸಿದರೆ ಒಟ್ಟು ಶಕ್ತಿಯಲ್ಲಿ ಆರೇಳು ಭಾಗ ಇಳಿಯುತ್ತದೆ. 2023ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ರಬ್ಬರ್ ಪೈಪು, ಸೀಲುಗಳನ್ನು ಸರ್ವಿಸಿನಲ್ಲಿ ನೋಡಿಸಿಕೊಳ್ಳಿ.

ಲಾಭದ ಪ್ರಶ್ನೆ ಅಷ್ಟು ಸುಲಭವಲ್ಲ. ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಕಾರ್ಬನ್ನೇ ಉರಿಯುವಾಗ ಹೊರಗೆ ಬರುತ್ತದೆ, ಹಾಗಾಗಿ ಸರಿಹೋಯಿತು ಅನ್ನುವುದು ವಾದ. ಆದರೆ ಕೊಲ್ಹಾಪುರದಿಂದ ಬೆಳಗಾವಿ, ಬಾಗಲಕೋಟೆವರೆಗೆ ಕಬ್ಬು ಎಷ್ಟು ನೀರು ಕುಡಿಯುತ್ತದೆ ಅಂತ ನಮಗೆ ಗೊತ್ತಿಲ್ಲವೇ? ನಮ್ಮ ಹೊಲದ ಬಾವಿಯೇ ಬತ್ತಿದೆ. ಗೊಬ್ಬರ, ಟ್ರ್ಯಾಕ್ಟರು, ಕಾರ್ಖಾನೆಯ ಬಾಯ್ಲರು ಎಲ್ಲ ಲೆಕ್ಕಕ್ಕೆ ಬರಬೇಕು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ ಎಥನಾಲ್ ನನಗೆ ಒಪ್ಪಿಗೆ. ಎಥನಾಲಿಗೆಂದೇ ಹೊಸ ಭೂಮಿಗೆ ಕಬ್ಬು ಹಚ್ಚುವುದು ಒಪ್ಪಿಗೆಯಿಲ್ಲ.

ನನ್ನ ಕಾರಿಗೆ 12 ವರ್ಷ. ಹತ್ತು ವರ್ಷ ಆದರೆ ಗುಜರಿಗೆ ಹಾಕಬೇಕಂತೆ?

ಅದು ದಿಲ್ಲಿ ಸುತ್ತಮುತ್ತಲಿನ ನಿಯಮದ ಮಾತು. ಡೀಸೆಲಿಗೆ 10, ಪೆಟ್ರೋಲಿಗೆ 15 ವರ್ಷ ಅನ್ನುವುದು ಅಲ್ಲಿನದು. ಪುಣೆಯಲ್ಲಿ ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಒದಲ್ಲಿ ಫಿಟ್‌ನೆಸ್ ಮಾಡಿಸಿ, ಪರಿಸರ ತೆರಿಗೆ ಕಟ್ಟಿ, ಐದು ವರ್ಷಕ್ಕೆ ನವೀಕರಿಸಬಹುದು. ಕೆಎ ನಂಬರಿನ ಗಾಡಿ ತಂದಿದ್ದರೆ 12 ತಿಂಗಳ ಮೇಲೆ ಇಟ್ಟುಕೊಳ್ಳುವಾಗ ಇಲ್ಲಿ ಮರುನೋಂದಣಿ ಮಾಡಿಸಲೇಬೇಕು.

ಇಟ್ಟುಕೊಳ್ಳಬೇಕೇ ಬೇಡವೇ ಅಂದರೆ, ಕಡಿಮೆ ಓಡುವ ಹಳೇ ಪೆಟ್ರೋಲ್ ಕಾರನ್ನು ಚೆನ್ನಾಗಿ ನೋಡಿಕೊಳ್ಳಿ. ದಿನಾ ಓಡುವ ಹಳೇ ಡೀಸೆಲನ್ನು ಬಿಟ್ಟುಬಿಡಿ.

ಪಿಯುಸಿ (ಹೊಗೆ ತಪಾಸಣೆಯ ಸರ್ಟಿಫಿಕೇಟ್) ಇದೆ. ಅಂದರೆ ನನ್ನ ಗಾಡಿ ಶುದ್ಧ ಅಂತ ಅಲ್ವೇ?

ಪೆಟ್ರೋಲ್ ಗಾಡಿಯಲ್ಲಿ ಆ ಪರೀಕ್ಷೆ ನೋಡುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಡೀಸೆಲಿನಲ್ಲಿ ಹೊಗೆಯ ಕಪ್ಪು. ನೈಟ್ರೋಜನ್ ಆಕ್ಸೈಡನ್ನಾಗಲಿ ಸಣ್ಣ ಕಣಗಳನ್ನಾಗಲಿ ಅಳೆಯುವುದೇ ಇಲ್ಲ. ಒಮ್ಮೆ ರಸ್ತೆ ಬದಿಯ ವ್ಯಾನಿನಲ್ಲಿ ನನ್ನ ಗಾಡಿಯ ಫೋಟೊ ತೆಗೆದು ಸರ್ಟಿಫಿಕೇಟ್ ಕೊಟ್ಟರು. ಪೈಪು ಸೈಲೆನ್ಸರಿನ ಹತ್ತಿರಕ್ಕೂ ಬರಲಿಲ್ಲ. ಎಂಜಿನ್ ಆಫ್ ಆಗಿಯೇ ಇತ್ತು! ಹೊಗೆ ಇಲ್ಲದ್ದಂತೂ ನಿಜ. ಹಾಗಂತ ಮಾಡಿಸದೆ ಇರಬೇಡಿ, ದಂಡ 10,000 ರೂಪಾಯಿವರೆಗೆ ಇದೆ. ಪರೀಕ್ಷೆ ಮಾಡುವವರ ಹತ್ತಿರ ನಿಂತು "ಅಂಕಿ ತೋರಿಸಿ" ಅಂತ ಕೇಳಿ.

ಕಂಪನಿ ಹೇಳಿದ ಮೈಲೇಜು ಯಾಕೆ ಬರುವುದಿಲ್ಲ?

ಆ ಅಂಕಿಯನ್ನು ಪ್ರಮಾಣೀಕರಿಸುವ ಮುಖ್ಯ ಸಂಸ್ಥೆ ಎಆರ್‌ಎಐ ನಮ್ಮ ಕೋಥ್ರೂಡಿನಲ್ಲೇ, ವೇತಾಳ ಟೇಕಡಿ ಅನ್ನುವ ಗುಡ್ಡದ ಮೇಲೆ ಇದೆ. ಶುರುವಾದದ್ದು 1966ರಲ್ಲಿ. ಅಲ್ಲಿ ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗದಲ್ಲಿ ಓಡಿಸಿ ಅಳೆಯುತ್ತಾರೆ. ಗುಡ್ಡ ಇಳಿದು ಪೌಡ್ ರಸ್ತೆಗೆ ಬಂದರೆ ಗುಂಡಿ, ಸಿಗ್ನಲ್ಲು, ಎಸಿ, ರಾಂಗ್ ಸೈಡಿನಿಂದ ಬರುವವರು ಎಲ್ಲ ಸೇರಿಕೊಳ್ಳುತ್ತಾರೆ. ಕಾಲುಭಾಗ ಕಳೆದು ಲೆಕ್ಕ ಹಾಕಿ.

ಹಾಲು ತರಲು ಸ್ಕೂಟರಿನಲ್ಲಿ ಹೋಗುತ್ತೇನೆ. ಒಂದೇ ಕಿ.ಮೀ. ಅಷ್ಟರಿಂದ ಏನಾಗುತ್ತದೆ?

ದೂರಕ್ಕೆ ಹೋಲಿಸಿದರೆ ಅದೇ ಅತಿ ಕೊಳಕು ಕಿಲೋಮೀಟರು. ಸೈಲೆನ್ಸರಿನೊಳಗೆ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಸುಮಾರು 300 ಡಿಗ್ರಿಗೆ ಕಾದ ಮೇಲೆ ಸರಿಯಾಗಿ ಕೆಲಸ ಮಾಡುತ್ತದೆ. ತಣ್ಣಗಿನ ಎಂಜಿನ್ ಮೊದಮೊದಲು ಪೆಟ್ರೋಲನ್ನೂ ಜಾಸ್ತಿ ಕುಡಿಯುತ್ತದೆ. ಅದು ಕಾಯುವಷ್ಟರಲ್ಲಿ ನೀವು ಹಾಲಿನ ಪಾಕೆಟ್ ಹಿಡಿದು ವಾಪಸ್ ಬಂದಿರುತ್ತೀರಿ. ಒಂದೊಂದು ಕಿ.ಮೀ.ಯ ಹತ್ತು ಓಡಾಟ, ಒಂದೇ ಸಲದ ಹತ್ತು ಕಿ.ಮೀ.ಗಿಂತ ಎಷ್ಟೋ ಹೆಚ್ಚು ಹೊಗೆ. ನಡೆಯಿರಿ. ಡಾಕ್ಟರೂ ಅದನ್ನೇ ಹೇಳಿರುತ್ತಾರೆ.

ಮೆಟ್ರೊ, ಬಸ್ಸು ಅಂತ ಹೇಳೋದು ಸುಲಭ. ನಮ್ಮ ಏರಿಯಾಕ್ಕೆ ಬಸ್ಸೇ ಸರಿಯಾಗಿ ಬರಲ್ಲವಲ್ಲ?

ಒಪ್ಪುತ್ತೇನೆ. ಪಿಎಂಪಿ ಬಸ್ಸಿಗೆ ಕಾದು ಕಾದು ಗಾಡಿ ತಗೊಂಡವರು ಈ ಊರಲ್ಲಿ ಸಾವಿರಾರು. ಆದರೂ ಮೆಟ್ರೊ 2022ರ ಮಾರ್ಚ್‌ನಲ್ಲಿ ತುಂಡು ತುಂಡಾಗಿ ಶುರುವಾದದ್ದು, 2024ರ ಸೆಪ್ಟೆಂಬರ್ ಕೊನೆಗೆ ನೆಲದಡಿಯಲ್ಲಿ ಸ್ವಾರ್‌ಗೇಟ್ ಮುಟ್ಟಿತು. ವನಾಜ್ ಕಡೆಯವರು, ಪಿಂಪ್ರಿಯವರು ಪೇಟೆಗೆ ಗಾಡಿ ತರುವುದಕ್ಕೆ ಈಗ ಕಾರಣವೇ ಉಳಿದಿಲ್ಲ. ನನ್ನ ಸಲಹೆ ಪೂರ್ತಿ ಬಿಡಿ ಅಂತ ಅಲ್ಲ. ವಾರದಲ್ಲಿ ಎರಡು ದಿನ ಸ್ಟೇಷನ್‌ವರೆಗೆ ಮಾತ್ರ ಸ್ಕೂಟರ್ ಓಡಿಸಿ ನೋಡಿ.

ಊರಿಗೆ ಹೋಗುವಾಗ ಕಾರೋ, ಬಸ್ಸೋ, ರೈಲೋ?

ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿ.ಮೀ. ಹೆದ್ದಾರಿಯಲ್ಲಿ ಲೀಟರಿಗೆ 16 ಕೊಡುವ ಕಾರು 49 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ನಾಲ್ವರು ಹೋದರೆ ತಲೆಗೆ 12. ಸ್ವಾರ್‌ಗೇಟಿನಿಂದ ಹೊರಡುವ ಬಸ್ಸು ಲೀಟರ್ ಡೀಸೆಲಿಗೆ ನಾಲ್ಕೂವರೆ ಕಿ.ಮೀ. ಓಡಿದರೂ 40 ಜನ ಇದ್ದರೆ ತಲೆಗೆ 5 ಕೆಜಿ. ಕರೆಂಟಿನಲ್ಲಿ ಓಡುವ ತುಂಬಿದ ರೈಲು ಇನ್ನೂ ಕಡಿಮೆ. ಗೋವಾ ಎಕ್ಸ್‌ಪ್ರೆಸ್ ಮಿರಜ್, ಬೆಳಗಾವಿ ಮೇಲೆ ಹೋಗುತ್ತದೆ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬಂದಿದೆ.

ಒಬ್ಬರೇ ಹೋಗುವಾಗ ಕಾರು ತೆಗೆಯುವುದು ಮಾತ್ರ ಬೇಡ. ಮನೆಮಂದಿಯೆಲ್ಲ, ಮೇಲೆ ಅತ್ತೆ ಕೊಟ್ಟ ಜೋಳದ ಚೀಲ, ಉಪ್ಪಿನಕಾಯಿ ಭರಣಿ ಅಂತ ಇದ್ದರೆ ಕಾರೇ ಸರಿ. ಅಲ್ಲಿ ಲೆಕ್ಕ ಹಾಕುತ್ತಾ ಕೂರುವುದಿಲ್ಲ ನಾನು.

ಎಲ್ಲರೂ ಎಲೆಕ್ಟ್ರಿಕ್‌ಗೆ ಹೋದರೆ ಸಮಸ್ಯೆ ಮುಗಿಯುತ್ತದೆಯೇ?

ಹೊಗೆ ಮುಗಿಯಬಹುದು, ಗಾಡಿ ಮುಗಿಯುವುದಿಲ್ಲ. ಟೈರ್ ಸವೆದ ಪುಡಿ, ರಸ್ತೆಯ ಧೂಳು ಹಾಗೇ ಇರುತ್ತದೆ. ಬ್ರೇಕಿನ ಪುಡಿ ಒಂದಿಷ್ಟು ಕಡಿಮೆಯಾಗುತ್ತದೆ, ಮೋಟಾರೇ ವೇಗ ತಗ್ಗಿಸುತ್ತದಲ್ಲ. ಆದರೆ ನಿಂತ ಕಾರಿಗೂ ಹನ್ನೆರಡು ಚದರ ಮೀಟರ್ ಜಾಗ ಬೇಕು. ನಾನು ಬಾಡಿಗೆಗಿದ್ದ ಮೊದಲ ಕೋಣೆ ಅದಕ್ಕಿಂತ ಚಿಕ್ಕದಿತ್ತು. ಗಾಡಿ ಹೆಚ್ಚಾದರೆ ರಸ್ತೆ ಬೇಕು. ಬಾಲಭಾರತಿಯಿಂದ ಪೌಡ್ ಫಾಟಾವರೆಗೆ ವೇತಾಳ ಟೇಕಡಿಯನ್ನು ಕೊರೆದು ರಸ್ತೆ ಮಾಡುವ ಯೋಜನೆಗೆ ಊರಿನ ಜನ ವರ್ಷಗಟ್ಟಲೆ ಅಡ್ಡ ನಿಂತಿದ್ದು ಇದಕ್ಕೇ. ಆ ಗುಡ್ಡದ ನವಿಲುಗಳಿಗೆ ಬರುವ ಕಾರು ಪೆಟ್ರೋಲಿನದೋ ಬ್ಯಾಟರಿಯದೋ ಅಂತ ವ್ಯತ್ಯಾಸವಿಲ್ಲ.

ಇಷ್ಟೆಲ್ಲ ಹೇಳುತ್ತೀರಲ್ಲ, ನಿಮ್ಮ ಹತ್ತಿರ ಯಾವ ಗಾಡಿ ಇದೆ?

11 ವರ್ಷದ ಸಣ್ಣ ಪೆಟ್ರೋಲ್ ಕಾರು. ವರ್ಷಕ್ಕೆ 4,000 ಕಿ.ಮೀ. ಓಡುತ್ತದೆ, ಅದರಲ್ಲಿ ಊರಿನ ಎರಡು ಟ್ರಿಪ್ಪೇ ಅರ್ಧ. ಹೆಂಡತಿಯ ಆಫೀಸು ಖರಾಡಿಯಲ್ಲಿ, ಅವಳಿಗೆ ಎಲೆಕ್ಟ್ರಿಕ್ ಸ್ಕೂಟರ್. ಮೂರನೇ ವರ್ಷ ನಡೆಯುತ್ತಿದೆ, ಬ್ಯಾಟರಿಯ ಸಾಲ ತೀರಿದೆ. ನಾನು ವನಾಜ್‌ವರೆಗೆ ನಡೆದು ಮೆಟ್ರೊ ಹಿಡಿಯುತ್ತೇನೆ. ಮಳೆ ಬಂದರೆ ರಿಕ್ಷಾ. ನಾನು ಪುಣೆಗೆ ಬಂದ ಹೊಸತರಲ್ಲಿ ಇದನ್ನು ಸೈಕಲ್ ನಗರ ಅನ್ನುತ್ತಿದ್ದ ಹಿರಿಯರು ಇನ್ನೂ ಇದ್ದರು. ಆಗ ತಗೊಂಡ ಸೈಕಲ್ ಗ್ಯಾಲರಿಯಲ್ಲಿದೆ. ಅದರ ಮೇಲೆ ಈಗ ಟವೆಲ್ ಒಣಗುತ್ತಿದೆ.